ಕಾಫಿಗೆ ಮೊದಲಿನ ಕಡಲ್ಗಳ್ಳರು

ಕಡಲ್ಗಳ್ಳರ ವಿಷಯದಲ್ಲಿ ನಾನು ದೊಡ್ಡ ಪಂಡಿತೆ ಎಂದು ಗಂಗೊಳ್ಳಿಯ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಎಲ್ಲರೂ ನಂಬಿದ್ದರು. ನಂಬಿಸಿದವಳು ನಾನೇ. ನಾನು ಓದಿದ್ದು ಏಳನೇ ತರಗತಿಯವರೆಗೆ. ಅದನ್ನೂ ಗಣಿತದ ಮೇಷ್ಟ್ರು ಕರುಣೆಯಿಂದ ದಾಟಿಸಿದ್ದರು. ಆದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ, ಹಳೆಯ ಹಡಗುಗಳ ಮ್ಯೂಸಿಯಮ್ಮಿನಲ್ಲಿ ಕೆಲಸ ಎಂದರೆ ಊರಿನಲ್ಲಿ ಯಾರು ಮುಂದಿನ ಪ್ರಶ್ನೆ ಕೇಳುತ್ತಾರೆ? ಅಪರೂಪಕ್ಕೆ ಕೇಳಿದವರಿಗೆ, ಬಂದ ಜನರಿಗೆ ಬೇಕಾದ್ದನ್ನು ಒದಗಿಸುವ ವಿಭಾಗ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಬಂದ ಜನರಿಗೆ ಬೇಕಾದ್ದು ಕಾಫಿ ಮತ್ತು ಸೇಬಿನ ಕೇಕು. ಅದನ್ನು ಒದಗಿಸಿ, ಆಮೇಲೆ ಕಪ್ಪು ತೊಳೆಯುತ್ತಿದ್ದೆ.

ನನ್ನ ಪಾಂಡಿತ್ಯಕ್ಕೆ ಕಾರಣ ಒಬ್ಬ ನಿವೃತ್ತ ಮೇಷ್ಟ್ರು. ಬುಧವಾರ ಬುಧವಾರ ಬಂದು ಪ್ರವಾಸಿಗಳಿಗೆ ಇಂಗ್ಲಿಷಿನಲ್ಲಿ ಮ್ಯೂಸಿಯಂ ತೋರಿಸುತ್ತಿದ್ದರು. ತೆಂಗಿನ ಮರದಷ್ಟು ಉದ್ದ, ಸ್ವಲ್ಪ ಬಾಗಿದ್ದರು. ನನ್ನ ಕೌಂಟರಿನ ಎದುರು ಗೋಡೆಯಲ್ಲಿ ಒಂದು ದೊಡ್ಡ ಚಿತ್ರವಿತ್ತು. ಅದರ ತುಂಬ ಹಡಗುಗಳು. ಅದರ ಕೆಳಗೆ ನಿಂತು ಅರ್ಧ ಗಂಟೆ ಮಾತಾಡುವುದು, ಆಮೇಲೆ ಎಲ್ಲರಿಗೂ ಕಾಫಿ, ಕಾಫಿಯ ನಂತರ ಗುಂಪನ್ನು ಮೇಲಿನ ಮಹಡಿಗೆ ಕರೆದೊಯ್ದು ಉಳಿದದ್ದನ್ನು ಹೇಳುವುದು, ಇದು ಅವರ ಕ್ರಮ. ಮೂರು ವರ್ಷ ಪ್ರತಿ ಬುಧವಾರ ಆ ಮೊದಲಿನ ಅರ್ಧವನ್ನು ನಾನು ಕೇಳಿದ್ದೇನೆ. ನನ್ನ ಇಂಗ್ಲಿಷು ಮೊದಲ ವರ್ಷ ಗುಟುಕು ಗುಟುಕಾಗಿತ್ತು. ಎರಡನೇ ವರ್ಷಕ್ಕೆ ಅವರು ಎಲ್ಲಿ ಕೆಮ್ಮುತ್ತಾರೆ ಎಂಬುದೂ ಬಾಯಿಪಾಠವಾಯಿತು.

ಕಥೆ ಹೀಗೆ. ನಾನ್ನೂರು ವರ್ಷದ ಹಿಂದೆ ಈ ದೇಶ ಹೊಸದು. ಸ್ಪೇನಿನ ರಾಜನ ಕೈಯಿಂದ ಬಿಡಿಸಿಕೊಳ್ಳುವ ಹೋರಾಟ ಇನ್ನೂ ಮುಗಿದಿರಲಿಲ್ಲ. ನೆಲ ಅಂಗೈಯಷ್ಟು, ಅದರಲ್ಲೂ ಅರ್ಧ ನೀರು. ಹೊಟ್ಟೆ ತುಂಬಬೇಕಾದರೆ ಹಡಗು ಹೋಗಬೇಕು. ಮೆಡಿಟರೇನಿಯನ್ ಸಮುದ್ರಕ್ಕೆ ಹೋದರೆ ಆಲ್ಜಿಯರ್ಸ್ ಬಂದರಿನ ಕಡಲ್ಗಳ್ಳರು ಹಿಡಿಯುತ್ತಾರೆ. ಹಡಗು, ಸರಕು, ಆಳು ಎಲ್ಲ ಅವರ ಪಾಲು. ಅದಕ್ಕೆ ಈ ಜನ ಒಂದು ಉಪಾಯ ಮಾಡಿದರು. ಯಾರೂ ಒಂಟಿಯಾಗಿ ಹೊರಡಬಾರದು. ಟೆಕ್ಸೆಲ್ ದ್ವೀಪದ ಮರೆಯಲ್ಲಿ ಎಲ್ಲ ಸರಕು ಹಡಗುಗಳೂ ಕಾಯಬೇಕು. ಗಾಳಿಯೂ ಬರಬೇಕು, ಯುದ್ಧದ ಹಡಗೂ ಬರಬೇಕು. ಹಿಂದೆ ಮುಂದೆ ಫಿರಂಗಿ ಹೊತ್ತ ಹಡಗು, ನಡುವೆ ಸರಕಿನವು, ಶಾಲೆಯ ಮಕ್ಕಳನ್ನು ರಸ್ತೆ ದಾಟಿಸಿದ ಹಾಗೆ. ಅದರ ಖರ್ಚಿಗೆ ಬಂದುಹೋಗುವ ಸರಕಿನ ಮೇಲೆ ಸುಂಕ. ಯುದ್ಧದ ಹಡಗು ಸಿಗದಿದ್ದರೆ ವ್ಯಾಪಾರಿ ಹಡಗಿನವರೇ ಒಟ್ಟಾಗಿ, ತಮ್ಮಲ್ಲೇ ಒಬ್ಬನನ್ನು ದೊಡ್ಡವನನ್ನಾಗಿ ಆರಿಸಿ, ಅಪಾಯ ಬಂದಾಗ ಯಾರೂ ಯಾರನ್ನೂ ಬಿಟ್ಟು ಓಡಬಾರದು ಎಂದು ಬರೆದು ರುಜು ಹಾಕುತ್ತಿದ್ದರು. ಮುಂದೆ ಆಲ್ಜಿಯರ್ಸಿನವರ ಜೊತೆ ಒಪ್ಪಂದವೂ ಆಯಿತು. ಒಂದು ರಹದಾರಿ ಕಾಗದವನ್ನು ಅಲೆಯ ಹಾಗೆ ಅಂಕುಡೊಂಕಾಗಿ ಎರಡು ತುಂಡು ಮಾಡಿ, ಒಂದು ತುಂಡನ್ನು ಅವರಿಗೆ ಕಳಿಸಿ, ಇನ್ನೊಂದನ್ನು ಹಡಗಿಗೆ ಕೊಡುವುದು. ಸಮುದ್ರದಲ್ಲಿ ಎರಡೂ ಅಂಚು ಕೂಡಿದರೆ ಹಡಗನ್ನು ಬಿಡಬೇಕು.

‘ಹೀಗೆ ಒಂದು ಪುಟ್ಟ ದೇಶ ತನ್ನ ಹಡಗುಗಳನ್ನು ಕಾಪಾಡಿಕೊಂಡಿತು. ಈಗ ಕಾಫಿ’ ಎನ್ನುತ್ತಿದ್ದರು ಮೇಷ್ಟ್ರು. ನಾನು ಯಂತ್ರ ಒತ್ತುತ್ತಿದ್ದೆ. ಉಳಿದ ಕಥೆಗೆ ಅವರು ಮೆಟ್ಟಿಲು ಹತ್ತುವಾಗ ನನ್ನ ಮುಂದೆ ಇಪ್ಪತ್ತೈದು ಎಂಜಲು ಕಪ್ಪು.

ಈ ಕಥೆಯನ್ನು ಭಾನುವಾರದ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮನಿಗಿಂತ ಹೆಚ್ಚು ಕಿವಿಗೊಟ್ಟವನು ತಮ್ಮ. ಅವನು ಪಿಯುಸಿ ಮುಗಿಸಿ ಹಡಗಿನ ಕೆಲಸ ಕಲಿತವನು, ಸರಕು ಹಡಗಿನ ಡೆಕ್ಕಿನಲ್ಲಿ ಹಗ್ಗ, ಬಣ್ಣ, ಕಾವಲು ನೋಡಿಕೊಳ್ಳುವ ನಾವಿಕ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಹತ್ತು ಪಟ್ಟು ಲೋಕ ಕಂಡವನು. ಆದರೂ ನನ್ನ ಮಾತೆಂದರೆ ಅವನಿಗೆ ಅಚ್ಚು ಒತ್ತಿದ ಹಾಗೆ. ಚಿಕ್ಕವನಿದ್ದಾಗ ಹೊಳೆಗೆ ಇಳಿಯುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಿದ್ದ, ನಾನು ತಲೆಯಾಡಿಸಿದರೆ ಇಳಿಯುತ್ತಿದ್ದ.

ಈಗ ನೀಲಿ ಬಾಗಿಲಿನ ವಿಷಯ ಹೇಳಬೇಕು. ನಾವು ಈ ದೇಶಕ್ಕೆ ಬಂದ ಮೊದಲ ವಾರ, ನನ್ನ ಗಂಡನಿಗೆ ದ ಹೇಗ್ ನಗರದ ಹೋಟೆಲಿನ ಅಡುಗೆ ಕೆಲಸ ಇನ್ನೂ ಶುರುವಾಗಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಯ ಪಕ್ಕ ನಡೆಯುವಾಗ ಒಂದು ಚೆಂದದ ಹಳೆಯ ಮನೆ ಕಂಡಿತು. ನೀಲಿ ಬಾಗಿಲು, ಎರಡೂ ಬದಿ ಹೂವಿನ ಕುಂಡ. ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ನಡುವೆ ಮನೆಯ ಯಜಮಾನಿ ಸೈಕಲ್ ಹೊರತೆಗೆಯಲು ಬಂದಾಗ ಸರಿದು ನಿಂತು, ಅವರು ಹೋದ ಮೇಲೆ ಮತ್ತೆ ನಿಂತೆವು. ಫೋಟೋ ಮನೆಗೆ ಕಳಿಸಿದೆ. ‘ಇದೇಯಾ ನಿಮ್ಮ ಮನೆ?’ ಎಂದು ಅಮ್ಮ ಬರೆಸಿ ಕೇಳಿದಳು. ನಾನು ಹೌದು ಎನ್ನಲಿಲ್ಲ. ಒಂದು ನಗುವ ಮುಖ ಕಳಿಸಿದೆ. ಮರುವಾರ ಅದಕ್ಕೆ ಗಂಗೊಳ್ಳಿಯಲ್ಲಿ ಕಟ್ಟು ಹಾಕಿಸಿದ್ದರು.

ನಮ್ಮ ನಿಜವಾದ ಮನೆ ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಡೀಮೆನ್‌ನಲ್ಲಿ ಒಂದು ಕೋಣೆ. ಫ್ಲ್ಯಾಟಿನ ಉಳಿದ ಎರಡು ಕೋಣೆಗಳಲ್ಲಿ ಓದುವ ಹುಡುಗರು, ಅಡುಗೆಮನೆ ಎಲ್ಲರಿಗೂ ಒಂದೇ. ಒಬ್ಬರು ಕಪಾಟು ತೆರೆಯಬೇಕಾದರೆ ಇನ್ನೊಬ್ಬರು ಮಂಚ ಹತ್ತಿ ಕೂರಬೇಕು. ವಿಡಿಯೋ ಕಾಲ್ ಮಾಡುವಾಗ ನಾನು ಸದಾ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಹಿಂದೆ ಬರೀ ಆಕಾಶ ಕಾಣುತ್ತಿತ್ತು. ಆಕಾಶ ದೊಡ್ಡ ಮನೆಯವರಿಗೂ ಅದೇ ತಾನೇ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಕಪ್ಪು ಜೋಡಿಸುವಾಗ ತಮ್ಮನ ಫೋನು ಬಂತು.

“ಅಕ್ಕಾ, ಪುರ್ಸೊತ್ತ್ ಇತ್ತಾ?”

“ಹೇಳ್. ಎಲ್ಲಿದ್ದೆ ನೀನ್?”

“ರಾಟರ್‌ಡ್ಯಾಮಲ್ಲೇ. ಇಳುಕೆ ಆಪುದಿಲ್ಲೆ, ಬಂದರಿನ ಆ ತುದಿಯಲ್ಲ್ ಕಟ್ಟಿದ್ರ್. ನಾಳೆ ಬೆಳಿಗ್ಗೆ ಹೊರಡುದ್. ಒಂದ್ ಫಾರ್ಮ್ ಕೊಟ್ಟಿದ್ರ್. ಈ ಸಲ ಏಡನ್ ಕೊಲ್ಲಿ ಬದಿಯಿಂದ ಹೋಪುದ್. ಅಲ್ಲಿ ಮತ್ತೆ ಕಳ್ಳರ ಗಲಾಟೆ ಶುರು ಆಯ್ತಲೆ. ಮನಸ್ಸಿದ್ರೆ ಯೆಸ್, ಇಲ್ದಿರೆ ನೋ. ನೋ ಅಂದ್ರೆ ಇಲ್ಲೇ ಇಳ್ಸಿ ಊರಿಗ್ ಕಳ್ಸ್ತ್ರ್.”

“ಕೆಲಸ ಹೋತ್ತಾ?”

“ಇಲ್ಲೆ. ಆಮೇಲೆ ಬೇರೆ ಹಡಗ್ ಕೊಡ್ತ್ರ್. ಅಕ್ಕಾ, ಇಲ್ಲಿ ಇಳದ್ರೆ ಟಿಕೆಟ್ ಆಪುವರೆಗೆ ನಾಲ್ಕ್ ದಿನ ನಿಮ್ಮನೆಲಿ ಇಪ್ಪುಕಾತ್ತ್. ಏಜೆಂಟಿನ ಹತ್ರ ಕೇಂಡೆ, ಅಡ್ಡಿಲ್ಲೆ ಅಂದ್ರ್. ಭಾವನ್ ಕಾಣ್ದೆ ಎಷ್ಟ್ ವರ್ಷ ಆಯ್ತ್. ನಾಲ್ಕ್ ಗಂಟೆ ಒಳಗೆ ಹೇಳ್ಕ್. ಎಂತ ಮಾಡುದ್?”

ಆಗ ನನ್ನ ಮನಸ್ಸಿನಲ್ಲಿ ನಡೆದದ್ದನ್ನು ಇಂದಿಗೂ ಒಂದೊಂದಾಗಿ ಹೇಳಬಲ್ಲೆ. ಮೊದಲು ಬಂದದ್ದು ಕಡಲ್ಗಳ್ಳರಲ್ಲ. ಮಂಚ ಬಂತು. ಅದರ ಅಡಿಯ ಅಕ್ಕಿ ಚೀಲ ಬಂತು. ಅಡುಗೆಮನೆಯ ತಂತಿಯಲ್ಲಿ ಹುಡುಗರು ಒಣಗಿಹಾಕಿದ ಕಾಲುಚೀಲ ಬಂತು. ತಮ್ಮ ಬ್ಯಾಗು ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಯಾವ ಬಾಗಿಲು ಇದು ಎಂಬಂತೆ ನೋಡುವುದು ಬಂತು. ಕಡಲ್ಗಳ್ಳರು ಕೊನೆಗೆ ಬಂದರು. ಬಂದವರು ನನ್ನ ಸಹಾಯಕ್ಕೇ ಬಂದರು.

“ಹುಚ್ಚನಾ ನೀನ್?” ಎಂದೆ. “ಈ ಊರಿನವ್ರ್ ನಾನ್ನೂರು ವರ್ಷದ ಹಿಂದೆ, ಇಂಜಿನ್ ಇಲ್ದೆ, ಫೋನ್ ಇಲ್ದೆ, ಬರೀ ಹಾಯಿ ಕಟ್ಟಿ ಕಳ್ಳರ ನಡುವೆ ಹೋಯ್ ಬಂದ್ರ್. ನಿಮ್ಗೆ ಈಗ ಎಷ್ಟ್ ದೇಶದ ಯುದ್ಧದ ಹಡಗ್ ಕಾವಲ್ ಇತ್ತ್! ಹಡಗಲ್ಲಿ ಬಂದೂಕಿನವ್ರ್ ಇಪ್ಪುದಿಲ್ಯಾ?”

“ಇರ್ತ್ರ್. ನಾಲ್ಕ್ ಜನ.”

“ಮತ್ತೆಂತ? ಗುಂಪಲ್ಲಿ ಹೋಪುದ್, ಒಂಟಿ ಹೋಪುಕಾಗ. ಅಷ್ಟೇ ಗುಟ್ಟ್.” ಹೀಗೆ ಟೆಕ್ಸೆಲ್ ದ್ವೀಪ, ಹಿಂದೆ ಮುಂದೆ ಫಿರಂಗಿ, ಅಂಕುಡೊಂಕು ಕಾಗದ, ಒಂದನ್ನೂ ಬಿಡಲಿಲ್ಲ. ಹತ್ತು ನಿಮಿಷ ಮಾತಾಡಿದೆ. ಮೇಷ್ಟ್ರು ಕೆಮ್ಮುವಲ್ಲಿ ನಾನೂ ಕೆಮ್ಮಿದೆನೋ ಏನೋ.

ಅವನು ಪೂರ್ತಿ ಕೇಳಿ, “ಹಾಂಗಾರೆ ಹೋಪುದಾ?” ಎಂದ.

“ಹೋಗ್. ಎಂತ ಆಪುದಿಲ್ಲೆ.”

“ನೀ ಹೇಳ್ರೆ ಸರಿ,” ಎಂದು ಫೋನಿಟ್ಟ. ನಾನು ಕಪ್ಪು ಜೋಡಿಸಿದೆ. ಹಾಡೊಂದನ್ನು ಗುನುಗಿಕೊಂಡದ್ದೂ ನೆನಪಿದೆ.

ದಾರಿಯಲ್ಲಿ ಅವನು ಫೋಟೋ ಕಳಿಸಿದ. ಹಡಗಿನ ಅಂಚಿನ ಕಟಕಟೆಯ ಉದ್ದಕ್ಕೂ ಮುಳ್ಳುತಂತಿ ಸುರುಳಿ. ಹಳೆಯ ಕೆಲಸದ ಅಂಗಿ ಪ್ಯಾಂಟಿಗೆ ಚಿಂದಿ ತುಂಬಿ, ತಲೆಗೆ ಹೆಲ್ಮೆಟ್ಟು ಇಟ್ಟು ಮಾಡಿದ ಬೆದರುಬೊಂಬೆಗಳು. ದೂರದಿಂದ ನೋಡಿದರೆ ಕಾವಲಿನವರು ಎಂದು ಕಳ್ಳರು ತಿಳಿಯಲಿ ಎಂದು. ‘ಹೊಟ್ಟೆ ದೊಡ್ಡದಿಪ್ಪುದಕ್ಕೆ ಭಾವನ ಹೆಸರಿಟ್ಟಿದ್ದೆ’ ಎಂದು ಬರೆದಿದ್ದ. ಅಪಾಯದ ನೀರಿನಲ್ಲಿ ಆರು ದಿನ ಯಾರೂ ಫೋನು, ಇಂಟರ್ನೆಟ್ಟು ಬಳಸುವಂತಿಲ್ಲ, ಹಡಗು ಎಲ್ಲಿದೆ ಎಂದು ಹೊರಗೆ ತಿಳಿಯಬಾರದು, ಆರು ದಿನ ಬಿಟ್ಟು ಸಿಗುತ್ತೇನೆ ಎಂದ.

ಆರು ದಿನ ಆಯಿತು. ಏಳನೇ ದಿನ ಸಂದೇಶ ಬರಲಿಲ್ಲ. ನಾನು ಕಳಿಸಿದ್ದಕ್ಕೆ ಒಂದೇ ಗುರುತು, ಎರಡನೆಯದು ಬೀಳುತ್ತಿಲ್ಲ. ಫೋನು ಕೆಟ್ಟಿದೆಯೇನೋ ಎಂದು ಗಂಡನಿಗೆ ಒಂದು ಸಂದೇಶ ಕಳಿಸಿ ನೋಡಿದೆ. ಪಕ್ಕದಲ್ಲೇ ಕೂತಿದ್ದರು, ಅವರ ಜೇಬು ಸದ್ದು ಮಾಡಿತು.

“ಅವನ್ ಹತ್ರ ನೀ ಎಂತ ಹೇಳಿದ್ದೆ, ಸರಿ ಮಾಡಿ ಹೇಳ್,” ಎಂದರು. ಹೇಳಿದೆ. ನಾಲ್ಕು ದಿನ ಇಲ್ಲಿ ಇರುತ್ತೇನೆ ಎಂದದ್ದನ್ನೂ ಹೇಳಿದೆ. ಅವರು ಬಹಳ ಹೊತ್ತು ನೆಲ ನೋಡಿದರು. ಮಂಚಕ್ಕೂ ಗೋಡೆಗೂ ನಡುವಿನ ನೆಲ.

“ಇಲ್ಲಿ ಮಲಗ್ತಿದ್ದ ಮಾರಾಯ್ತಿ,” ಎಂದರು. “ಹಡಗಲ್ಲಿ ಅವನ ಮಂಚ ಇದಕ್ಕಿಂತ ಸಣ್ಣದ್.”

ಮರುದಿನ ಬುಧವಾರ. ಮೇಷ್ಟ್ರು ಗುಂಪು ಬರುವ ಮೊದಲೇ ಬಂದು ಕಾಫಿ ಕೇಳಿದರು. ಕಾಫಿ ಕೊಟ್ಟು, ಮೂರು ವರ್ಷದಲ್ಲಿ ಮೊದಲ ಬಾರಿಗೆ, ಮೇಲಿನ ಮಹಡಿಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ. ಅವರ ಮುಖ ಅರಳಿತು. ಈ ಪ್ರಶ್ನೆಗೆ ಅವರು ಜೀವಮಾನವಿಡೀ ಕಾದವರ ಹಾಗಿತ್ತು.

‘ಅಲ್ಲಿಯೇ ನಿಜವಾದ ಕಥೆ ಇರುವುದು’ ಎಂದರು. ‘ಕೆಳಗೆ ಹೇಳುವುದು ಕಾಫಿಗೆ ಮೊದಲು ಜನರನ್ನು ಬೇಸರಪಡಿಸಬಾರದೆಂದು.’

ಹೊಸ ದೇಶದ ಹತ್ತಿರ ಎಲ್ಲರಿಗೂ ಸಾಲುವಷ್ಟು ಯುದ್ಧದ ಹಡಗು ಇರಲಿಲ್ಲವಂತೆ. ಕಾಯುವುದು ವಾರಗಟ್ಟಲೆ. ಸರಕು ಕೊಳೆಯುತ್ತದೆ ಎಂದು ಎಷ್ಟೋ ಮಂದಿ ಒಂಟಿಯಾಗಿ ಹೊರಟುಬಿಡುತ್ತಿದ್ದರು. ಬಿರುಗಾಳಿಯಲ್ಲಿ ಗುಂಪು ಚೆದುರಿದರೆ ಹಿಂದುಳಿದವನ ಕಥೆ ಮುಗಿಯಿತು. ಬಿಟ್ಟು ಓಡುವುದಿಲ್ಲ ಎಂದು ರುಜು ಹಾಕಿದವರೂ ಓಡುತ್ತಿದ್ದರು. ಒಪ್ಪಂದ ಉಳಿಸಿಕೊಳ್ಳಲು ಕಳ್ಳರಿಗೇ ಫಿರಂಗಿ, ಮದ್ದು, ಹಗ್ಗ, ಹಾಯಿಮರದ ದಿಮ್ಮಿ ಉಡುಗೊರೆಯಾಗಿ ಹೋಗುತ್ತಿತ್ತು. ಇಲ್ಲಿಯ ಕೆಲವು ನಾವಿಕರು ಅಲ್ಲಿ ಸೇರಿ ಕಳ್ಳರ ಕಪ್ತಾನರಾಗಿದ್ದರು. ಸಿಕ್ಕಿಬಿದ್ದವರು ವರ್ಷಗಟ್ಟಲೆ ಸೆರೆ. ಮನೆಯವರು ಚರ್ಚಿನ ಬಾಗಿಲಲ್ಲಿ ನಿಂತು ಬೇಡಬೇಕು.

‘ಅವರು ಬರೆದ ಕಾಗದಗಳು ಉಳಿದಿವೆ. ಹೆಂಡತಿಗೆ, ಅಣ್ಣನಿಗೆ, ಅಕ್ಕನಿಗೆ’ ಎಂದರು ಮೇಷ್ಟ್ರು.

ಅಕ್ಕನಿಗೆ ಎಂದಾಗ ನನ್ನ ಕೈಯ ತಟ್ಟೆಯಿಂದ ಕೇಕು ಜಾರಿತು. ಯಾಕೆ ಅಳುತ್ತೀ ಎಂದು ಕೇಳಿದರು. ತಮ್ಮನನ್ನು ನಿಮ್ಮ ಅರ್ಧ ಕಥೆ ಹೇಳಿ ಕಳಿಸಿಬಿಟ್ಟೆ ಎಂದೆ. ಅವರು ಕೇಕು ಹೆಕ್ಕಿ, ಟಿಶ್ಯೂ ಕೊಟ್ಟು, ತಾವೇ ತಪ್ಪು ಮಾಡಿದವರಂತೆ ನಿಂತರು. ಪಾಪ, ಅವರ ತಪ್ಪೇನು? ಮೇಲಿನ ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಮೂರು ವರ್ಷದಲ್ಲಿ ಒಂದು ಬುಧವಾರ ಕಪ್ಪನ್ನು ಹತ್ತು ನಿಮಿಷ ತಡವಾಗಿ ತೊಳೆದಿದ್ದರೆ ಆಗುತ್ತಿತ್ತು. ಆದರೆ ಅದನ್ನು ಕೇಳಿದ್ದರೂ ಆ ಮಧ್ಯಾಹ್ನ ನಾನು ಮೊದಲರ್ಧವನ್ನೇ ಹೇಳುತ್ತಿದ್ದೆ. ಇದು ನನಗೆ ಆಗಲೇ ಗೊತ್ತಿತ್ತು.

ಎಂಟನೇ ದಿನ ಸಂಜೆ, ಟ್ರಾಮಿನಲ್ಲಿ ಮನೆಗೆ ಹೋಗುವಾಗ ಸಂದೇಶ ಬಂತು. ‘ದಾಟಿದೊ. ಎಲ್ಲ ಸೌಖ್ಯ. ಮಾತಾಡುಕಿತ್ತ್.’ ನಾನು ಇಳಿಯುವ ನಿಲ್ದಾಣ ದಾಟಿ ಕೊನೆಯ ನಿಲ್ದಾಣದವರೆಗೂ ಹೋದೆ.

ಆದದ್ದು ಇಷ್ಟು. ಎರಡು ಸಣ್ಣ ದೋಣಿಗಳು ಬೆನ್ನು ಹತ್ತಿದ್ದವು. ಗಂಟೆ ಬಾರಿಸಿ, ಹಡಗು ನಡೆಸುವವರನ್ನು ಬಿಟ್ಟು ಉಳಿದ ಎಲ್ಲರನ್ನೂ ಕೆಳಗಿನ ಒಂದು ಉಕ್ಕಿನ ಕೋಣೆಗೆ ಕಳಿಸಿ ಒಳಗಿನಿಂದ ಬಾಗಿಲು ಹಾಕಿಸಿದರು. ಐದು ಗಂಟೆ ಹೊತ್ತು, ತಮ್ಮನೂ ಸೇರಿ ಹದಿನೈದು ಜನ ಅಲ್ಲಿ. ಬಂದೂಕಿನವರು ಗಾಳಿಯಲ್ಲಿ ಗುಂಡು ಹಾರಿಸಿದ ಮೇಲೆ ದೋಣಿಗಳು ತಿರುಗಿದವು. ಯಾರಿಗೂ ಗಾಯವಿಲ್ಲ. ಭಯಪಟ್ಟ ಕಪ್ತಾನ ಇನ್ನೂ ಎರಡು ದಿನ ಫೋನು ಮುಟ್ಟಲು ಬಿಡಲಿಲ್ಲ.

ಇದಕ್ಕಿಂತ ಕಷ್ಟದ್ದು ಆಮೇಲೆ ಬಂತು. ಭಾನುವಾರ ಅಮ್ಮ ಫೋನಿನಲ್ಲಿ ಹಿಗ್ಗಿ ಹೋಗಿದ್ದಳು. “ಅವ ಹೆದ್ರಿದ್ನಂಬ್ರ್. ನೀನೇ ಅಲ್ದಾ ಧೈರ್ಯ ಹೇಳಿ ಕಳ್ಸಿದ್ದ್? ನಮ್ಮ ಹೆಣ್ಣಿಗೆ ಎಲ್ಲ ಗೊತ್ತಿತ್ತ್ ಅಂದೇಳಿ ಮೀನು ಮಾರ್ಕೆಟಲ್ಲಿ ಎಲ್ಲರಿಗೂ ಹೇಳಿದೆ.” ನಾನು ಕಿಟಕಿಗೆ ಬೆನ್ನು ಕೊಟ್ಟು, ಆಕಾಶದ ಮುಂದೆ ಕೂತು, ಹೊಗಳಿಕೆ ತಿಂದೆ. ಒಂದು ವಾರ ತಿಂದೆ. ಎರಡನೇ ವಾರವೂ ತಿಂದೆ. ಜೀರ್ಣವಾಗಲಿಲ್ಲ.

ಮೂರನೇ ವಾರ ತಮ್ಮನ ಹಡಗು ಬಂದರು ಮುಟ್ಟಿತೆಂದು ತಿಳಿದು, ಅವನಿಗೆ ವಿಡಿಯೋ ಕಾಲ್ ಮಾಡಿದೆ. ಏನೂ ಹೇಳದೆ ಫೋನು ತಿರುಗಿಸಿ ಕೋಣೆ ತೋರಿಸಿದೆ. ತೋರಿಸಿ ಮುಗಿಯಲು ಜಾಸ್ತಿ ಹೊತ್ತು ಬೇಕಾಗಲಿಲ್ಲ.

“ಇದ್ ಯಾರ ಕೋಣೆ?” ಎಂದ.

“ನಮ್ದ್. ಇದೇ ನಮ್ಮನೆ. ಆ ದಿನ ನೀ ಬಂದ್ರೆ ಇದನ್ ಕಾಣ್ತೆ ಅಂದೇಳಿ ನಿನ್ನ ಹೋಗ್ ಅಂದೆ.”

ಅವನು ಬೈಯುತ್ತಾನೆ ಎಂದುಕೊಂಡಿದ್ದೆ, ಅಥವಾ ನಗುತ್ತಾನೆ ಎಂದು. ಎರಡೂ ಮಾಡಲಿಲ್ಲ.

“ನಂಗ್ ಹೆದ್ರಿಕೆ ಆಗಿತ್ತ್ ಅಕ್ಕ,” ಎಂದ. “ನೋ ಅಂದ್ರೆ ಹಡಗಲ್ಲಿ ಎಲ್ಲರೂ ಹೆದ್ರುಪುಕ್ಕ ಅಂತ್ರ್. ಅಕ್ಕ ಬ್ಯಾಡ ಅಂದ್ಳ್ ಅಂದೇಳಿ ಹೇಳುವಾ ಅಂತ ನಿಂಗ್ ಫೋನ್ ಮಾಡಿದ್ದ್. ನೀ ಬ್ಯಾಡ ಅಂದೇ ಹೇಳ್ತೆ ಅಂದ್ಕಂಡಿದ್ದೆ ನಾನ್.”

ಫೋನು ಇಟ್ಟ. ಆಮೇಲೆ ನಾಲ್ಕು ತಿಂಗಳು ಮಾತಿಲ್ಲ. ಭಾನುವಾರ ಅಮ್ಮನೊಡನೆ ಅವನೂ ಸೇರಿಕೊಂಡರೆ, ‘ನೆಟ್ವರ್ಕ್ ಸರಿ ಇಲ್ಲೆ’ ಎಂದು ನಾನು ಬಂದ ಕೂಡಲೇ ಹೋಗುತ್ತಿದ್ದ. ನಮ್ಮ ತಪ್ಪೊಪ್ಪಿಗೆಯ ವಿಷಯ ಅಮ್ಮನಿಗೆ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವನು ಮರ್ಯಾದೆಗೆ, ನಾನು ಹೇಡಿತನಕ್ಕೆ.

ಹಡಗು ಮತ್ತೆ ರಾಟರ್‌ಡ್ಯಾಮಿಗೆ ಬಂತು. ಮತ್ತೆ ಆ ಫಾರ್ಮು. ಈ ಸಲ ಯಾರನ್ನೂ ಕೇಳದೆ ನೋ ಎಂದು ಗುರುತು ಹಾಕಿ ಇಳಿದನಂತೆ. ನನಗೆ ಬಂದದ್ದು ಒಂದು ಸಾಲು. ‘ಕಾಪೆಲ್ಲೆ, ಕಂಪನಿ ಹೋಟೆಲ್. ನಾಳೆ ರಾತ್ರಿ ಫ್ಲೈಟ್.’ ಬಾ ಎಂದಿರಲಿಲ್ಲ. ಬರಬೇಡ ಎಂದೂ ಇರಲಿಲ್ಲ.

ರಜೆ ಹಾಕಿ, ಬಂಗುಡೆ ಸಾರು ಅನ್ನ ಮಾಡಿ, ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿ ಹೊರಟೆ. ರೈಲಿನಲ್ಲಿ ನನ್ನ ಎದುರು ಕೂತವರು ಎದ್ದು ಬೇರೆ ಕಡೆ ಕೂತರು. ಬಂಗುಡೆಯ ವಾಸನೆಗೆ ಟೇಪು ಸಾಲುವುದಿಲ್ಲ. ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಗಾಜಿನ ಆಫೀಸು ಕಟ್ಟಡಗಳ ನಡುವೆ ಹೋಟೆಲು ಹುಡುಕಿ, ಮೂರನೇ ಮಹಡಿಯ ಬಾಗಿಲು ತಟ್ಟಿದೆ.

ತಮ್ಮ ತೆಳ್ಳಗಾಗಿದ್ದ. ಗಡ್ಡ ಬಿಟ್ಟಿದ್ದ. “ಬಾ,” ಎಂದು ಡಬ್ಬಿ ತೆಗೆದುಕೊಂಡ. ಮೇಜಿನ ಮುಂದೆ ಕೂತು ತಲೆ ಎತ್ತದೆ ಉಂಡ. ನಾನು ನಿಂತೇ ಇದ್ದೆ. ದೊಡ್ಡ ಕೋಣೆ, ಇಬ್ಬರು ಆರಾಮಾಗಿ ನಡೆದಾಡಬಹುದು.

“ಸಾರಿಗೆ ಹುಳಿ ಜಾಸ್ತಿ ಆಯ್ತ್,” ಎಂದ. ನಾಲ್ಕು ತಿಂಗಳ ನಂತರ ಅವನು ನನಗೆ ಹೇಳಿದ ಮೊದಲ ಪೂರ್ತಿ ಮಾತು ಅದು.

“ಹೌದ್,” ಎಂದೆ.

ಕೈ ತೊಳೆದು ಬಂದು, “ಅಮ್ಮಂಗೆ ಹೇಳ್ದ್ಯಾ?” ಎಂದ.

“ಇಲ್ಲೆ.”

“ಊರಲ್ಲಿ ನಿನ್ನ ಮಾತ್ ಕೇಂಡ್ ಇನ್ನೊಂದ್ ಮನೆಯವ್ರ್ ತಮ್ಮ ಮಗನ್ನೂ ಹಡಗಿಗೆ ಸೇರ್ಸುವ ಅಂತಿದ್ರ್. ಗೊತ್ತಿತ್ತಾ ನಿಂಗೆ?”

ನನಗೆ ಗೊತ್ತಿರಲಿಲ್ಲ. ಅವನು ಫೋನು ತೆಗೆದು, ಅಮ್ಮನ ಹೆಸರು ಒತ್ತಿ, ನನ್ನ ಕೈಗೆ ಕೊಟ್ಟ. ವಿಡಿಯೋ ಅಲ್ಲ, ಬರೀ ಮಾತು. ಅಷ್ಟು ಕರುಣೆ ಮಾಡಿದ. ಅಮ್ಮ ಎತ್ತಿದಳು. ಊಟ ಆಯಿತಾ, ಅವ ಹೇಗಿದ್ದ ಎಂದೆಲ್ಲ ಕೇಳಿದಳು. ನಾನು ಒಂದೇ ಉಸಿರಿಗೆ ಹೇಳಿದೆ. ಕೋಣೆ ಹೇಳಿದೆ, ಕಪ್ಪು ತೊಳೆಯುವುದು ಹೇಳಿದೆ, ತಮ್ಮ ಬರುತ್ತೇನೆ ಎಂದದ್ದು ಹೇಳಿದೆ, ನಾನು ಯಾಕೆ ಹೋಗು ಎಂದೆ ಎಂಬುದು ಹೇಳಿದೆ. ಕಡಲ್ಗಳ್ಳರ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಮಾರ್ಕೆಟಿನಲ್ಲಿ ಹಾಗೇ ಹೇಳು ಎಂದೆ.

ಆ ಕಡೆ ಎಲ್ಲೋ ಕೋಳಿ ಕೂಗಿತು.

“ಅವನ ಕೈಗ್ ಕೊಡ್,” ಎಂದಳು.

ಕೊಟ್ಟೆ. ಅವನು ಕಿಟಕಿಯ ಹತ್ತಿರ ಹೋಗಿ, “ಹೂಂ... ಹೂಂ... ಉಂಡೆ... ಹೂಂ,” ಎಂದು ಕೇಳಿ ಫೋನು ಇಟ್ಟ.

“ಅಮ್ಮ ಎಂತ ಅಂದ್ಳ್?”

“ನಿನ್ನ ಹತ್ರ ಸದ್ಯಕ್ಕೆ ಮಾತಾಡುದಿಲ್ಲೆ ಅಂದ್ಳ್.” ಅವನ ಮೀಸೆಯ ತುದಿ ಸ್ವಲ್ಪ ಅಲುಗಿತು. “ನೀ ಮನೆಗ್ ಮುಟ್ಟಿದ್ ಮೇಲೆ ನಂಗೆ ಫೋನ್ ಮಾಡಿ ತಿಳ್ಸ್‌ಕ್ ಅಂದ್ಳ್.”

ಅವನನ್ನು ಕರೆದೊಯ್ಯುವ ಕಾರು ಬರಲು ಇನ್ನೂ ಎರಡು ಗಂಟೆಯಿತ್ತು. ಅವನು ಮಂಚದ ಮೇಲೆ ಹರಡಿದ್ದ ಬಟ್ಟೆ, ಬ್ಯಾಗು ಎಲ್ಲವನ್ನೂ ಒಂದು ಬದಿಗೆ ದೂಡಿದ.

“ಎಷ್ಟೊತ್ತ್ ನಿಂತ್ಕಂತೆ? ಕೂಕೋ,” ಎಂದ.

ನಾನು ಕೂತೆ.